ತಪ್ಪು ನನ್ನ ಅನುವಾದದ್ದೇ ಆಗಿರಲಿ

ಮುಚ್ಚಂಡಿ, ತಾ. ಜತ್ತ

ವಾರೆನ್ ಸಾಹೇಬರಿಗೆ,

ಮುಚ್ಚಂಡಿಯಿಂದ ರುಬಿನಾ ಮಾಡುವ ನಮಸ್ಕಾರ.

ನಿಮ್ಮ ಇ-ಮೇಲ್ ಬಂದು ಒಂಬತ್ತು ದಿನವಾಯಿತು. ದಿನಾ ಇಂಗ್ಲಿಷಿನಲ್ಲಿ ಉತ್ತರ ಬರೆಯುತ್ತೇನೆ, ಅಳಿಸುತ್ತೇನೆ. ಇಂಗ್ಲಿಷಿನಲ್ಲಿ ಬರೆಯಲು ಕುಳಿತರೆ ಮೊದಲ ಸಾಲಿನಲ್ಲೇ ಕ್ಷಮೆ ಕೇಳಿಬಿಡುತ್ತೇನೆ. ಅದಕ್ಕೇ ಇದನ್ನು ಕನ್ನಡದಲ್ಲಿ ಬರೆದು, ಫೋಟೊ ತೆಗೆದು ಕಳಿಸುತ್ತಿದ್ದೇನೆ. ಪಾಸ್ಟರರ ತರಬೇತಿಯಲ್ಲಿ ಐದು ದಿನ ನಿಮ್ಮ ಮಾತನ್ನೆಲ್ಲ ನಾನು ಹೊತ್ತು ಈ ಕಡೆಗೆ ತಂದೆ. ಈ ನಾಲ್ಕು ಹಾಳೆಯನ್ನು ಆ ಕಡೆಗೆ ದಾಟಿಸುವವರನ್ನು ನೀವೇ ಹುಡುಕಿಕೊಳ್ಳಿ. ನಿಮ್ಮ ಅಡಿಲೇಡಿನಲ್ಲಿ ಕನ್ನಡದವರು ಯಾರಾದರೂ ಸಿಕ್ಕಾರು. ನಮ್ಮ ತಾಲೂಕಿನವರಿಂದ ಮಾತ್ರ ಓದಿಸಬೇಡಿ. ಯಾಕೆಂದು ಓದಿದರೆ ತಿಳಿಯುತ್ತದೆ.

ತರಬೇತಿಯಲ್ಲಿ ಅನುವಾದದ ತಪ್ಪುಗಳಾದವೆಂದು ಅದನ್ನು ಏರ್ಪಡಿಸಿದ ದತ್ತಾ ಸರ್ ತಿಳಿಸಿದರು ಎಂದು ನೀವು ಬರೆದಿದ್ದೀರಿ. ಎದೆಗುಂದಬೇಡ, ಅನುವಾದ ಕಷ್ಟದ ಕೆಲಸ, ಅದನ್ನು ಕಲಿಸುವ ಆನ್‌ಲೈನ್ ಕೋರ್ಸ್ ಇದೆ, ಇಗೋ ಲಿಂಕ್ ಎಂದಿದ್ದೀರಿ. ಅದರ ಕೆಳಗೇ, ರುಮಾಲು ಸುತ್ತಿದ ಹಿರಿಯ ಪಾಸ್ಟರರ ಫೋಟೊ ಬಹಳ ಚೆನ್ನಾಗಿ ಬಂದಿದೆ, ತರಬೇತಿಯಿಂದ ಅವರ ಉಪದೇಶ ಹೇಗೆ ಬದಲಾಯಿತೆಂದು ಒಂದು ಪ್ಯಾರಾ ಬರೆದು ಕಳಿಸು, ನಮ್ಮ ಸಭೆಯ ಪತ್ರಿಕೆಗೆ ಬೇಕು ಎಂದೂ ಕೇಳಿದ್ದೀರಿ.

ಬದಲಾಯಿತು ಸಾಹೇಬರೇ. ಒಂದು ಪ್ಯಾರಾದಲ್ಲಿ ಹಿಡಿಸಲಾರದಷ್ಟು ಬದಲಾಯಿತು. ಮತ್ತೆ ನಾನು ಅನುವಾದದಲ್ಲಿ ಒಂದು ತಪ್ಪೂ ಮಾಡಲಿಲ್ಲ. ನನ್ನ ಸಂಕಟವೇ ಅದು.

ರುಮಾಲಿನ ಆ ಪಾಸ್ಟರರ ಹೆಸರು ಶಿವಪುತ್ರ. ಕ್ರೈಸ್ತರಾಗಿ ಈ ಹೆಸರು ಯಾಕೆ ಬದಲಿಸಲಿಲ್ಲವೆಂದು ನೀವು ಮೊದಲ ದಿನವೇ ನನ್ನಿಂದ ಕೇಳಿಸಿದ್ದಿರಿ. “ನಮ್ಮವ್ವ ಇಟ್ಟದ್ರಿ. ಅಕೀನ್ನ ಕೇಳಿ ಬದಲಾಸೂಣಂದ್ರ ಈಗ ಮ್ಯಾಲದಾಳ” ಎಂದು ಅವರು ಆಕಾಶ ತೋರಿಸಿದಾಗ ನೀವೂ ನಕ್ಕಿರಿ. ಮುಚ್ಚಂಡಿಯಲ್ಲಿ ಅವರ ಪ್ರಾರ್ಥನಾಮಂದಿರವೆಂದರೆ ತಗಡಿನ ಸೂರಿನ ಒಂದು ಕೋಣೆ. ಅದರ ಗೋಡೆಗೆ ಅಂಟಿಕೊಂಡೇ ನಮ್ಮ ಮನೆ. ಅಪ್ಪ ಲಾಲಸಾಬ ಗಾದಿ ಹೊಲಿಯುತ್ತಾರೆ. ನಾವು ನಮಾಜಿನವರು, ಆಚೆಯವರು ಪ್ರಾರ್ಥನೆಯವರು. ಆದರೆ ಗೋಡೆ ತೆಳುವು, ಶಿವಪುತ್ರ ಕಾಕಾನ ದನಿ ದೊಡ್ಡದು.

ಕಾಕಾನಿಗೆ ಓದು ಅಷ್ಟಕ್ಕಷ್ಟೇ. ಹೆಂಡತಿ ಯಮನವ್ವ ಕಾಕಿ ಬೈಬಲ್ ಓದುತ್ತಾರೆ, ಕಾಕಾ ಅರ್ಧಕ್ಕೇ ಅವರನ್ನು ನಿಲ್ಲಿಸಿ ಎದುರಿಗಿದ್ದವರನ್ನು ಹೆಸರು ಹಿಡಿದು ಕೇಳುತ್ತಾರೆ. ಅಪ್ಪನ ಆಸ್ತಿ ಹಾಳು ಮಾಡಿ ತಿರುಗಿ ಬಂದ ಮಗನ ಕತೆ ನಡೆದಿದ್ದಾಗ, “ದುಂಡವ್ವಾ, ನಿನ್ನ ಮಗಾ ಹಂಗ ಬಂದಿದ್ರ ಏನ್ ಮಾಡ್ತಿದ್ದಿ?” ಎಂದರು. “ಮೊದಲ ಉಣ್ಣಾಕ ಹಾಕ್ತಿದ್ನಿ. ಉಂಡ ಕೈ ತೊಳದ ಮ್ಯಾಲ ಕಸಬರಗಿ ತಗೋತಿದ್ನಿ” ಎಂದಳು ದುಂಡವ್ವ. ಗೋಡೆಯ ಈಚೆ ಹತ್ತಿ ಬಿಡಿಸುತ್ತ ನಾನೂ ಉತ್ತರ ಹೇಳುತ್ತಿದ್ದೆ, ಮನಸ್ಸಿನಲ್ಲೇ. ಬಾಯಿಬಿಟ್ಟು ಹೇಳಲು ನನಗೆ ನಾಚಿಕೆ. ಐದು ವರ್ಷ ಕಾಲೇಜಿನಲ್ಲಿ ಸಾಹಿತ್ಯ ಓದಿದೆ. ನೀನಾಗಿದ್ದರೆ ಏನು ಮಾಡುತ್ತಿದ್ದೆ ಎಂದು ಅಲ್ಲಿ ಯಾರೂ ಕೇಳಲಿಲ್ಲ.

ನಾಲ್ಕನೆಯ ದಿನ ನೆನಪಿದೆಯೇ? ಹದಿನೆಂಟು ಪಾಸ್ಟರರೂ ಒಬ್ಬೊಬ್ಬರಾಗಿ ಎದ್ದು ಉಪದೇಶ ಮಾಡಿ ತೋರಿಸಬೇಕಿತ್ತು. ಕಾಕಾನ ಪಾಲಿಗೆ ಬಂದದ್ದು ಬಿತ್ತುವವನ ಕತೆ. ಬೀಜ ಕೆಲವು ದಾರಿಯಲ್ಲಿ, ಕೆಲವು ಕಲ್ಲಿನ ಮೇಲೆ, ಕೆಲವು ಮುಳ್ಳಿನಲ್ಲಿ, ಕೆಲವು ಒಳ್ಳೆಯ ನೆಲದಲ್ಲಿ ಬೀಳುತ್ತವೆ. ನಿಮ್ಮ ಲೆಕ್ಕದಲ್ಲಿ ನಾಲ್ಕು ನೆಲ, ನಾಲ್ಕು ಅಂಶ, ಇಪ್ಪತ್ತೈದು ನಿಮಿಷ. ಕಾಕಾ ಅಸಂಗಿಯ ಪಾಸ್ಟರ್ ಶ್ರೀಶೈಲಪ್ಪನವರತ್ತ ತಿರುಗಿದರು.

“ಯಾಕ್ರಿ ಪಾಸ್ಟರ, ನೀವ್ ಕೂರಿಗಿ ಹೂಡಿ ಡಾಂಬರ ರಸ್ತಾದ ಮ್ಯಾಲ ಬಿತ್ತತೀರೇನು?”

“ನನಗೇನ್ ಹುಚ್ಚ ಹಿಡದೈತೇನ್ರಿ?”

“ಹೌದಲ್ಲ? ನಾವು ಒಂದ ಕಾಳ ಜ್ವಾಳಾ ಆಚೀಕ ಬೀಳಗೊಡಂಗಿಲ್ಲ. ಈ ಮನಷ್ಯಾನ್ನ ನೋಡ್ರಿ, ಹಾದ್ಯಾಗೂ ಚೆಲ್ಯಾನ, ಕಲ್ಲಿನ ಮ್ಯಾಲೂ ಚೆಲ್ಯಾನ. ಹುಚ್ಚನೋ, ಶಾಣ್ಯಾನೋ? ನೀವ ಹೇಳ್ರಿ.”

ಸಭಾಗೃಹದ ತುಂಬ ಮಾತು ಎದ್ದಿತು. ಕುಣಿಕೋಣೂರಿನ ಮುದುಕರೊಬ್ಬರು ಹಿಂದಿನಿಂದ, “ಅವನ ಕಡೆ ಬೀಜ ತೀರಂಗಿಲ್ರಿ, ಅದಕ್ಕ ಚೆಲ್ತಾನ” ಎಂದರು. ಅದನ್ನು ಇಂಗ್ಲಿಷಿನಲ್ಲಿ ನಿಮಗೆ ಎರಡು ಸಲ ಹೇಳಿದೆ. ನೀವು ಗಡಿಯಾರ ನೋಡುತ್ತಿದ್ದಿರಿ.

ಆಮೇಲೆ ಎದ್ದು, ಸೋದರನ ಉತ್ಸಾಹಕ್ಕೆ ವಂದನೆ ಎಂದಿರಿ. ಆದರೆ ಇದು ಉಪದೇಶವಲ್ಲ, ಹರಟೆ ಎಂದಿರಿ. ದೇವರ ವಾಕ್ಯದ ಅರ್ಥವನ್ನು ಕೇಳುಗರ ಕೈಗೆ ಬಿಟ್ಟುಕೊಡುವವನು ಬೋಧಕನಲ್ಲ, ಸಿದ್ಧತೆಯಿಲ್ಲದೆ ನಿಲ್ಲುವುದಕ್ಕಿಂತ ನಿಲ್ಲದಿರುವುದೇ ಮೇಲು ಎಂದಿರಿ. ನಾನು ಒಂದೊಂದು ಮಾತನ್ನೂ ಹಾಗೆಯೇ ಕನ್ನಡಕ್ಕೆ ತಂದೆ. ಒಂದನ್ನಾದರೂ ಮೆತ್ತಗೆ ಮಾಡಬಹುದಿತ್ತು. ಇದ್ದದ್ದನ್ನು ಇದ್ದ ಹಾಗೆ ದಾಟಿಸಬೇಕೆಂಬ ಕಲಿತವಳ ಹೆಮ್ಮೆ ನನಗೆ! ಕಾಕಾ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡು ಕುಳಿತರು. ಸಂಜೆಯವರೆಗೂ ಅದನ್ನು ಮತ್ತೆ ಸುತ್ತಲಿಲ್ಲ.

ನೀವು ವಿಮಾನ ಹತ್ತಿದ ಮೇಲಿನ ರವಿವಾರ ಗೋಡೆಯಾಚೆ ಪ್ರಶ್ನೆಗಳಿರಲಿಲ್ಲ. “ಅಂಶ ಒಂದು” ಎಂದು ಕಾಕಾ ಅಕ್ಷರ ಕೂಡಿಸಿ ಓದುತ್ತಿದ್ದರು. ಎರಡನೆಯ ಅಂಶ ಬರುವಷ್ಟರಲ್ಲಿ ಕುರಿಯ ಬಸಗೊಂಡ ಎದ್ದು, “ಪಾಸ್ಟರ, ಇವತ್ತ ನಮ್ಮನ್ನ ಏನೂ ಕೇಳಂಗಿಲ್ಲೇನ್ರಿ?” ಎಂದ.

“ಕೇಳಬಾರದಂತ ಹೇಳ್ಯಾರಪಾ.”

“ಹಂಗಿದ್ರ ನಾ ಕುರಿ ಕಡೆ ಹೋಗ್ತೀನ್ರಿ. ಅವಾದ್ರೂ ನಾ ಕರದ್ರ ಒದರ್ತಾವ.”

ಅದರ ಮುಂದಿನ ವಾರದಿಂದ ಕಾಕಾ ಉಪದೇಶಕ್ಕೆ ನಿಲ್ಲುವುದನ್ನೇ ಬಿಟ್ಟರು. ಹಾಡು, ಪ್ರಾರ್ಥನೆ, ಮನೆಗೆ. ಏಳು ರವಿವಾರ ಹೀಗೇ ನಡೆಯಿತು. ಬರುವ ಹದಿನೈದು ಮನೆಗಳು ಆರಕ್ಕಿಳಿದವು. ನೀವು ಕೇಳಿದ ಬದಲಾವಣೆ ಇದು.

ಹೋದ ತಿಂಗಳು ಕಾಕಾ ಗಾದಿ ರಿಪೇರಿಗೆಂದು ನಮ್ಮ ಮನೆಗೆ ಬಂದರು. ಅಪ್ಪ ದಾರ ತರಲು ಒಳಗೆ ಹೋದಾಗ ಮೆಲ್ಲಗೆ ಕೇಳಿದರು: “ಯವ್ವಾ ರುಬಿನಾ, ಖರೇ ಹೇಳು. ಹರಟಿ ಅಂದದ್ದು ಸಾಹೇಬ್ರ ಮಾತೋ, ನಿನ್ನ ಬಾಯಾಗ ಹಂಗ ಬಂತೋ?”

ಅದು ನಿಮ್ಮ ಮಾತು ಎಂದಿದ್ದರೆ ಅವರು ತಲೆಯಾಡಿಸಿ, ಗಾದಿ ಹೊತ್ತುಕೊಂಡು, ಮುಗಿಯಿತು ಎಂದು ಹೋಗುತ್ತಿದ್ದರು. ನಾನು ಹೇಳಿದೆ: “ನಂದ ತಪ್ಪರಿ ಕಾಕಾ. ನನಗ ಗಡಬಡಿ ಆತು. ಇವರ ರೀತಿನ ಬ್ಯಾರೆ ಐತಿ, ಇದನ್ನ ಬಿಡಬ್ಯಾಡ್ರಿ ಅಂದಿದ್ರು ಅವ್ರು.”

ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ಕೆಮ್ಮು ಬರುವಷ್ಟು ನಕ್ಕರು. “ಅಂದ್ರ ನಿನ್ನ ಇಂಗ್ಲೀಷೂ ನನ್ನ ಓದಿನಂಗ ಐತಿ ಅನ್ನು!”

ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು. ನಳದ ಕಡೆ ದುಂಡವ್ವ ನನಗೆ ಕೇಳುವ ಹಾಗೆಯೇ, “ಎಂ.ಎ. ಅಂತ, ಎಂ.ಎ.! ಚಲೋ ಮನಷ್ಯಾನ ಬಾಯಿಗೆ ಬೀಗಾ ಹಾಕಿದ್ಲು” ಎಂದಳು. ಸುದ್ದಿ ಜತ್ತಕ್ಕೆ, ದತ್ತಾ ಸರ್ ಕಿವಿಗೂ ಮುಟ್ಟಿತು. ನೀವು ಮತ್ತೆ ಬರುವ ಜನವರಿಯ ತರಬೇತಿಗೆ ಮಿರಜದಿಂದ ಬೇರೆ ದುಭಾಷಿಯನ್ನು ಕರೆಸುತ್ತಾರಂತೆ. ನನಗೆ ಸಿಕ್ಕ ಮೊದಲ ಕೆಲಸ ಅದು, ಹೋಯಿತು. ಅದರ ಮೇಲೆ ನಿಮ್ಮ ಲಿಂಕ್! ಆದರೆ ಮೂರು ರವಿವಾರದಿಂದ ಗೋಡೆಯಾಚೆ ಎಂಥ ಗದ್ದಲವೆಂದರೆ, ಅಪ್ಪ ಸೂಜಿ ನಿಲ್ಲಿಸಿ, “ಮತ್ತ ಸುರು ಮಾಡಿದ ನೋಡು” ಎಂದು ಬೈದುಕೊಳ್ಳುತ್ತ ಕಿವಿಗೊಡುತ್ತಾರೆ.

ಇನ್ನು ನಿಮ್ಮ ಪಾಲಿನ ಕೆಲಸ. ನೀವು ಬಂದಾಗ ಕಾಕಾ ನಿಮ್ಮನ್ನು ಕೇಳಿಯೇ ಕೇಳುತ್ತಾರೆ, ಹೊಸ ದುಭಾಷಿಯ ಮೂಲಕ: ಸಾಹೇಬರು ಅಂದು ಏನಂದಿದ್ದರು? ಸುಳ್ಳು ಹೇಳಿ ಎಂದು ನಿಮ್ಮನ್ನು ಕೇಳಲಾರೆ. ಅದು ನಿಮಗೂ ಪಾಪ, ನಮಗೂ ಪಾಪ. ಒಂದು ಮಾಡಿ. ತರಬೇತಿಗೆ ಮುಂಚಿನ ರವಿವಾರವೇ ಮುಚ್ಚಂಡಿಗೆ ಬನ್ನಿ, ಎಲ್ಲರ ಜೊತೆ ಚಾಪೆಯ ಮೇಲೆ ಕುಳಿತು ಕೇಳಿ, ಕೇಳಿದ್ದಕ್ಕೆ ಉತ್ತರ ಹೇಳಿ. ಆಮೇಲೆ, ಈ ರೀತಿಯನ್ನು ಬಿಡಬೇಡಿ ಎಂದು ನಿಮಗೇ ಅನ್ನಿಸಿ ಬಾಯಿಬಿಟ್ಟು ಅಂದರೆ, ನಾನು ಹೇಳಿದ್ದು ಸುಳ್ಳಾಗುವುದಿಲ್ಲ. ನೀವು ಆಡುವ ಮುಂಚೆಯೇ ಮಾಡಿದ ಅನುವಾದವಾಗುತ್ತದೆ. ಅನ್ನಿಸದಿದ್ದರೆ ಸುಮ್ಮನಿರಿ. ತಪ್ಪು ನನ್ನದೆಂದು ಊರೆಲ್ಲ ನಂಬಿದೆ, ನಂಬಿಕೊಂಡೇ ಇರಲಿ.

ನಮ್ಮ ಖಾರಕ್ಕೆ ಕೆಟ್ಟ ನಿಮ್ಮ ಹೊಟ್ಟೆ ಈಗ ನೆಟ್ಟಗಿರಲಿ. ಸಮುದ್ರ ದಾಟಿ ಬರುವ ದಾರಿ ಸುಖವಾಗಿರಲಿ, ನೀವು ನಂಬಿದ ದೇವರು ಕೈಹಿಡಿದು ಕರೆತರಲಿ.

ಗೋಡೆಯ ಈಚೆಯಿಂದ,
ರುಬಿನಾ ಲಾಲಸಾಬ ನದಾಫ