ಆ ಹಾಡು ಮಾಸ್ಟರದ್ದಲ್ಲ

ಅರಂತೋಡು
12-02-2025

ಪ್ರೀತಿಯ ಗೋದಾವರಿ,

ಕೂತು ಓದು. ಯಾರಿಗೂ ಏನೂ ಆಗಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀ, ನಾನು ಹೆದರಿ ಬೇರೆ ಮಾತಿಗೆ ಹೋಗುತ್ತೇನೆ. ಅದಕ್ಕೇ ಕಾಗದ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳ ಅಕ್ಷರ, ತಪ್ಪಿದ್ದರೆ ತಿದ್ದಿ ಓದಿಕೋ.

ಸುಳ್ಯದ ಕಾಲೇಜೊಂದರಲ್ಲಿ ಶನಿವಾರ ಸಂಗೀತೋತ್ಸವ. ಶಾಸ್ತ್ರೀಯ ಸಂಗೀತವೇ, ಆದರೆ ಈಗ ಬದುಕಿರುವವರ ರಚನೆಗಳು ಮಾತ್ರ. ನನ್ನ ಹತ್ತಿರ ಹಾಡು ಕಲಿಯುವ ಕಡಬದ ಸೋನಾ ಅಲ್ಲೇ ಓದುವುದು. ನನಗೆ ಹೇಳದೆ ‘ಎಷ್ಟು ಹೊತ್ತು ಕಾಯಲಿ ಹರಿಯೆ’ ಹಾಡುತ್ತೇನೆಂದು ಹೆಸರು ಕೊಟ್ಟು, ರಚನೆ ಮಹಾಲಿಂಗ ಮಾಸ್ಟರು ಎಂದು, ನನಗೆ ಹಾಡು ಕಲಿಸಿದ ನಿನ್ನ ಅಪ್ಪನ ಹೆಸರು ಬರೆದಿದ್ದಾಳೆ. ನಾನು ಯಾವಾಗಲೂ ‘ಮಾಸ್ಟರು ಹೀಗೆ ಹೇಳುತ್ತಾರೆ’ ಎಂದೇ ಪಾಠ ಮಾಡುವುದಲ್ಲವಾ, ಅವರು ಹೋಗಿ ಆರು ವರ್ಷವಾಯಿತೆಂದು ಆ ಹುಡುಗಿಗೆ ಗೊತ್ತೇ ಇಲ್ಲ.

ನಿನ್ನೆ ರಿಹರ್ಸಲಿಗೆ ಅವಳ ಜೊತೆ ಹೋಗಿದ್ದೆ. ಉತ್ಸವ ನಡೆಸುವ ಮುರಳಿಕೃಷ್ಣ ಸರ್ ಅವಳ ಹಾಡು ಕೇಳಿದ ಮೇಲೆ ಪಟ್ಟಿ ನೋಡಿ, "ಇದು ಇದ್ದವರ ಉತ್ಸವ ಮಾರಾಯ್ತಿ. ಹೋದವರದ್ದು ವರ್ಷವಿಡೀ ಹಾಡುದುಂಟಲ್ಲ" ಎಂದು ಹೆಸರಿನ ಮೇಲೆ ಗೀಟು ಎಳೆದರು. ಸೋನಾ ಅಳಲು ಸುರು. ನಾನು ಎದ್ದು ನಿಂತೆ. ನಾನು, ಗೋದಾವರಿ! ಬಸ್ಸಿನಲ್ಲಿ ಇಳಿಯುವ ಜಾಗ ಹೇಳಲಿಕ್ಕೂ ಎರಡು ಸಲ ಯೋಚಿಸುವವಳು.

"ಸರ್, ಅದನ್ನು ಕಟ್ಟಿದ್ದು ನಾನು" ಎಂದೆ.

ಅವರು ನಂಬಲಿಲ್ಲ. "ಹಾಗಾದ್ರೆ ಅನುಪಲ್ಲವಿಯ ನಡುವೆ ಹಾಡು ತಟ್ಟನೆ ನಿಲ್ತದಲ್ಲ, ಅದು ಎಂತಕ್ಕೆ?" ಎಂದು ಕೇಳಿದರು.

ಅಪ್ಪ ಅಲ್ಲಿ ದೇವರನ್ನು ಕಂಡು ಸುಮ್ಮನಾದರು ಎಂದು ನೀನು ಪ್ರತಿ ವರ್ಷ ಅವರ ತಿಥಿಯ ದಿನ ಹೇಳುತ್ತೀ. ನಾನು ಇದ್ದದ್ದು ಹೇಳಿದೆ: "ಅಲ್ಲಿ ಬಟ್ಟೆ ತಿರುಗಿಸ್ಲಿಕ್ಕೆ ಉಂಟು ಸರ್. ಹೊಲಿಗೆ ಮೆಷಿನ್ ತುಳಿಯುತ್ತಾ ಕಟ್ಟಿದ್ದು. ಒಂದು ಬದಿ ಮುಗಿಯುವಾಗ ಕಾಲು ನಿಲ್ತದೆ."

ಮಕ್ಕಳೆಲ್ಲ ನಕ್ಕರು. ಸರ್ ನಗಲಿಲ್ಲ. ಮೇಜಿನ ಮೇಲೆ ತಾಳ ಹಾಕುತ್ತಾ ನನ್ನಿಂದಲೇ ಹಾಡಿಸಿದರು. ಯಾರಿಗೂ ಕಲಿಸದ ಎರಡನೇ ಚರಣವನ್ನೂ ಹಾಡಿದೆ. ಮುಗಿದ ಮೇಲೆ, "ಹೆಸರು ಹೇಗೆ ಬರೀಬೇಕಮ್ಮ?" ಎಂದು ಪೆನ್ನು ತೆಗೆದರು.

ಬರೆಸಿದೆ. ಮನೆಗೆ ಬಂದ ಮೇಲೆ ನಿನ್ನದೇ ಯೋಚನೆ. ನಿನ್ನ ಜಗಲಿಯಲ್ಲಿ ಅಪ್ಪನ ಫೋಟೋದ ಕೆಳಗೆ ಆ ಹಾಡಿನ ಮೊದಲ ಸಾಲು ಬರೆಸಿದ್ದೀ. ಅಲ್ಲಿಗೆ ಬಂದಾಗಲೆಲ್ಲ ನಾನು ನೆಲ ನೋಡಿದ್ದೇನೆ. ಇನ್ನು ಪುತ್ತೂರಿಗೆ ಬಂದರೆ ನೀನು ಬಾಗಿಲು ತೆಗೆಯದಿದ್ದರೆ? ಮೂವತ್ತು ವರ್ಷದ ಸ್ನೇಹ ಒಂದು ಹಾಡಿಗೆ ಹೋದರೆ? ಎಲ್ಲ ಯೋಚಿಸಿದೆ. ಆದರೂ ಹೆಸರು ವಾಪಸು ತೆಗೆಯುವುದಿಲ್ಲ. ಟೈಲರ್ ಹೆಂಗಸು ಕಟ್ಟಿದ ಹಾಡನ್ನು ಯಾರು ಕಲಿಯುತ್ತಾರೆ ಎಂದು ಹೆದರಿ ಇಷ್ಟು ವರ್ಷ ಮಾಸ್ಟರ ಹೆಸರು ಹೇಳಿದೆ. ತಪ್ಪು ನನ್ನದು. ಹಾಡೂ ನನ್ನದೇ.

ಶನಿವಾರ ಹತ್ತೂವರೆಗೆ ಸೋನಾ ಹಾಡುತ್ತಾಳೆ. ಬಂದರೆ ನನ್ನ ಪಕ್ಕ ಕೂರು. ಫೋಟೋದ ಕೆಳಗಿನ ಸಾಲು ಇಡುವುದೋ ತೆಗೆಯುವುದೋ, ಅದು ನಿನಗೆ ಬಿಟ್ಟದ್ದು.

ನಿನ್ನ
ವಾಸಂತಿ

ತಾ.ಕ.: ‘ನಾನೇ ಕಟ್ಟಿದ್ದು ಎಂದು ಅಪ್ಪ ಬಾಯಾರೆ ಹೇಳಿದ್ದರಲ್ಲ’ ಎಂದು ನೀನು ಕೇಳದೆ ಇರುವುದಿಲ್ಲ. ಮಾಸ್ಟರು ಸುಳ್ಳು ಹೇಳಿದವರಲ್ಲ. ಕೊನೆಯ ವರ್ಷ ಅವರಿಗೆ ನಿನ್ನ ಹೆಸರೂ ಮರೆತಿತ್ತು. ಒಂದು ದಿನ ಅವರ ಮಂಚದ ಹತ್ತಿರ ಕೂತು ಇದನ್ನು ಹಾಡಿದೆ. "ಯಾರದ್ದು ಇದು?" ಎಂದು ಕೇಳಿದರು. "ನಿಮ್ಮದೇ ಮಾಸ್ಟ್ರೇ" ಎಂದುಬಿಟ್ಟೆ. "ಹೌದಾ? ಇಷ್ಟು ಒಳ್ಳೇದು ಕಟ್ಟಿದ್ದೇನಾ ನಾನು?" ಎಂದು ಬಾಯಿ ತುಂಬ ನಕ್ಕರು. ಸಂಜೆ ನೀನು ಬಂದಾಗ ತಾನೇ ಕಟ್ಟಿದ್ದೆಂದು ಅವರು ನಿನಗೆ ಹಾಡಿ ತೋರಿಸಿದ್ದು ಅದನ್ನೇ. ಆವತ್ತು ನಿಮ್ಮಿಬ್ಬರ ಮುಖ ನೋಡಿದ ಮೇಲೆ, ಅಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ.