ಕೆರೆಯ ಕಡೆ ತಿರುಗಿ ಕೂತವರು

ಮಲ್ಲಿಪಟ್ಟಣ, ಅರಕಲಗೂಡು ತಾಲ್ಲೂಕು
೨೫-೧೧-೧೯೫೯, ಬುಧವಾರ

ಪ್ರೀತಿಯ ಮಗ ಪುಟ್ಟರಾಜುವಿಗೆ,

ದೇವರಿಗೆ ದೀಪ ಹಚ್ಚಿ, ನಿನ್ನ ಹೆಸರು ಹೇಳಿ ಕೈಮುಗಿದು, ಎದ್ದವನೇ ಕಾಗದ ಹಿಡಿದು ಕೂತಿದ್ದೇನೆ. ಪಠಾಣ್‌ಕೋಟೆಯ ಚಳಿ ಹೇಗಿದೆ? ಹೋದ ಸಲ ಬರೆದ ಕೆಮ್ಮು ಬಿಟ್ಟಿತೇ? ಎದೆಗೆ ಹರಳೆಣ್ಣೆ ಬಿಸಿ ಮಾಡಿ ತಿಕ್ಕಿಕೊಳ್ಳುತ್ತೀಯೋ ಇಲ್ಲವೋ ಕೇಳಿ ಎಂದು ನಿಮ್ಮಮ್ಮ ಹೊಸಿಲ ಮೇಲೆ ನಿಂತು ಬರೆಸುತ್ತಿದ್ದಾಳೆ. ಮಿಲಿಟರಿಯಲ್ಲಿ ಹರಳೆಣ್ಣೆ ಯಾರು ಕೊಡುತ್ತಾರೆ ಅಂದರೆ, ಬಂದೂಕಿಗೆ ಎಣ್ಣೆ ಕೊಡುವವರು ಮನುಷ್ಯನಿಗೆ ಕೊಡುವುದಿಲ್ಲವೇ ಅನ್ನುತ್ತಾಳೆ. ಅವಳ ಮೊಣಕಾಲು ನೋವು ಇದ್ದ ಹಾಗೇ ಇದೆ, ಬಾಯಿ ಮಾತ್ರ ಚೆನ್ನಾಗಿದೆ. ನಾನು ಗಟ್ಟಿಯಾಗಿದ್ದೇನೆ. ರಾಗಿ ಕುಯ್ಲು ಶುರುವಾಯಿತು. ಈ ಸಲ ತೆನೆ ಮುಷ್ಟಿಗಾತ್ರ ಬಂದಿದೆ. ಕೆರೆ ಕೋಡಿ ಬಿದ್ದು ತಿಂಗಳಾದರೂ ನೀರು ಏರಿಯ ಕಲ್ಲಿಗೆ ತಾಗಿಕೊಂಡೇ ನಿಂತಿದೆ.

ನಿನ್ನ ಕಾಗದ ತಲುಪಿತು. ಶಾಂತಕುಮಾರಿ ಪಾಠ ಹೇಳಲು ಸೈಕಲ್ ಮೇಲೆ ಸ್ಕೂಲಿಗೆ ಹೋಗುವುದು ಬೇಡ, ಸೈಕಲ್ಲನ್ನು ಚನ್ನರಾಯಪಟ್ಟಣದ ಭಾವನಿಗೆ ಕೊಟ್ಟುಬಿಡಿ, ಅವರಿಗೂ ಬರೆದಿದ್ದೇನೆ ಎಂದು ಬರೆದಿದ್ದೀಯ. ಯಾರೋ ಊರಿನವನು ರೈಲಿನಲ್ಲಿ ಸಿಕ್ಕಿ, ನಿನ್ನ ಹೆಂಡತಿ ಕಚ್ಚೆ ಕಟ್ಟಿಕೊಂಡು ಗಂಡಸರ ಸೈಕಲ್ ತುಳಿಯುತ್ತಾಳೆ ಎಂದು ನಕ್ಕನಂತೆ. ನಕ್ಕವನು ಯಾರೆಂದು ನನಗೆ ಗೊತ್ತು. ಅವನಿಗೆ ಈ ವಯಸ್ಸಿಗೂ ಸೈಕಲ್ ಬರುವುದಿಲ್ಲ. ಅದಿರಲಿ. ನೀನು ದೂರದಲ್ಲಿ ಕೂತು ಒಂದು ಮಾತು ಕೇಳಿ ಬರೆದೆ. ಇಲ್ಲಿ ನಡೆದದ್ದನ್ನು ಪೂರ್ತಿ ಬರೆಯುತ್ತೇನೆ, ಓದು.

ಕಚ್ಚೆ ಕಟ್ಟಿಸಿದವಳು ನಿಮ್ಮಮ್ಮ. ಸೀರೆ ಚೈನಿಗೆ ಸಿಕ್ಕಿ ಶಾಂತಕುಮಾರಿ ಎರಡು ಸಲ ಬಿದ್ದಳು. ನಿಮ್ಮಮ್ಮ ಅವಳನ್ನು ಒಳಗೆ ಕರೆದುಕೊಂಡು ಹೋಗಿ, “ನಾಟಿ ಆಕೋವಾಗ ಕಟ್ಟಲ್ವೇನವ್ವ? ಅಂಗೇ ಕಟ್ಟು. ಕೆಸ್ರಲ್ಲಿ ನಿಂತ್ರೆ ಮರ್ಯಾದೆ, ಸೈಕಲ್ ಮ್ಯಾಲೆ ಕುಂತ್ರೆ ಓಯ್ತದಾ?” ಎಂದು ತಾನೇ ಸೆರಗು ಬಿಗಿದು ಕಳಿಸಿದಳು. ಹೊನ್ನೇಕೊಪ್ಪಲಿನ ಸ್ಕೂಲಿಗೆ ನಮ್ಮ ಮನೆಯಿಂದ ಐದು ಮೈಲಿ. ನೀನು ಹುಡುಗನಾಗಿದ್ದಾಗ ದನ ಹೊಡೆದುಕೊಂಡು ಹೋಗುತ್ತಿದ್ದ ದಾರಿಯೇ. ದೊಡ್ಡಕೆರೆ ಏರಿ ದಾಟಿ, ಇಳಿಜಾರು ಇಳಿದು, ಮತ್ತಿ ಮರಗಳ ಕಾಡಿನೊಳಗೆ ಹೊಕ್ಕರೆ ಎಡಕ್ಕೊಂದು ಬಲಕ್ಕೊಂದು ನೀರಿನ ಕಟ್ಟೆ, ಆಮೇಲೆ ಹೊನ್ನೇಕೊಪ್ಪಲು. ಅಷ್ಟು ದಾರಿಗೂ ಒಂದು ಮೋಟಾರು ಎದುರಾಗುವುದಿಲ್ಲ. ಸೌದೆ ಗಾಡಿ ಬಂದರೆ ಎತ್ತುಗಳೇ ಪಕ್ಕಕ್ಕೆ ಸರಿಯುತ್ತವೆ. ಕೆಲಸಕ್ಕೆ ಹೋದ ದಿನ ನಮ್ಮ ಮೇಲಿನ ಹೊಲದಲ್ಲಿ ನಿಂತರೆ ಅವಳು ಕಟ್ಟೆಯ ದಂಡೆ ಮೇಲೆ ಹೋಗುವುದು ಕಾಣುತ್ತದೆ, ನೀರಿನೊಳಗೂ ಇನ್ನೊಂದು ಸೈಕಲ್ ಹೋಗುತ್ತಿರುತ್ತದೆ. ಕೊಕ್ಕರೆಗಳು ಮೊದಮೊದಲು ಹಾರುತ್ತಿದ್ದವು, ಈಗ ಕತ್ತೆತ್ತಿ ನೋಡಿ ಸುಮ್ಮನಾಗುತ್ತವೆ. ಕುಡುಗೋಲು ಕೈಯಲ್ಲೇ ಹಿಡಿದು ನಾನು ನೋಡುತ್ತಾ ನಿಂತುಬಿಡುತ್ತೇನೆ. ನಮ್ಮ ಮನೆಯ ಹೆಣ್ಣುಮಗಳು ಮೇಡಂ ಆಗಿ ಹೋಗುತ್ತಿದ್ದಾಳಲ್ಲ ಎಂದು ಎದೆ ತುಂಬಿ ಬರುತ್ತದೆ ಕಣಪ್ಪ. ಇದನ್ನು ಯಾರಿಗೂ ಹೇಳಿಲ್ಲ, ನಿನಗೆ ಬರೆಯುತ್ತಿದ್ದೇನೆ.

ದಾರಿಯಲ್ಲಿ ಮೋಟಾರಿನ ತೊಂದರೆ ಇಲ್ಲ ಅಂದೆ. ತೊಂದರೆ ಇದ್ದದ್ದು ನಮ್ಮಿಂದ. ಬೆಳಿಗ್ಗೆ ಬಿಸಿಲು ಕಾಯಲು ನಾವು ನಾಲ್ಕು ಜನ ಮುದುಕರು ಏರಿಯ ಮೇಲೆ ಕೂರುವುದು ನಿನಗೆ ಗೊತ್ತು. ತೂಬಿನ ಹತ್ತಿರ ಲಕ್ಕಯ್ಯ, ಹುಣಸೆಮರದ ಕೆಳಗೆ ಶಿವಯ್ಯ, ಅಷ್ಟು ಮುಂದೆ ಚೆನ್ನಯ್ಯ, ಕೋಡಿಯ ಹತ್ತಿರ ನಾನು. ಯಾರ ಕಣ್ಣಳತೆಯಲ್ಲಿ ಯಾರ ಹೊಲ ಇದೆಯೋ ಅಲ್ಲೇ ಅವರವರ ಜಾಗ. ದೊಡ್ಡವರ ಮುಂದೆ ಸೈಕಲ್ ಮೇಲೆ ಕೂತು ಹೋಗುವ ಪದ್ಧತಿ ನಮ್ಮಲ್ಲಿಲ್ಲ, ಇಳಿದು ತಳ್ಳಿಕೊಂಡೇ ದಾಟಬೇಕು. ನಿನ್ನ ಹೆಂಡತಿ ಮರ್ಯಾದೆಗೆ ಹೆಸರಾದವಳು. ಲಕ್ಕಯ್ಯನನ್ನು ಕಂಡು ಇಳಿಯುವಳು. ಗಂಡಸರ ಸೈಕಲ್ಲು, ಮುಂದೆ ಅಡ್ಡ ಕಂಬಿ, ಇಳಿಯುವುದು ಸುಲಭ, ಹತ್ತುವುದಕ್ಕೆ ಅವಳಿಗೆ ಒಂದು ಎತ್ತರದ ಕಲ್ಲು ಬೇಕು. ಏರಿಯ ಮೇಲೆ ಕಲ್ಲೆಲ್ಲಿದೆ? ಅಲ್ಲಿಂದ ಶಿವಯ್ಯ, ಚೆನ್ನಯ್ಯ, ನಾನು, ಎಲ್ಲರನ್ನೂ ದಾಟಿ ಕಾಡಿನ ಬಾಯಲ್ಲಿರುವ ಮೈಲುಗಲ್ಲಿನ ತನಕ ತಳ್ಳಿಕೊಂಡೇ ನಡೆಯುವಳು. ಹೀಗಾಗಿ ದಿನವೂ ತಡ. ಅಲ್ಲಿಯ ಹೆಡ್ ಮೇಷ್ಟ್ರು, ಇನ್ನೊಂದು ಸಲ ಪ್ರಾರ್ಥನೆ ಮುಗಿದ ಮೇಲೆ ಬಂದರೆ ಮೇಲಕ್ಕೆ ಬರೆಯುತ್ತೇನೆ, ಈ ದಾರಿ ಹೆಂಗಸರಿಗೆ ಹೇಳಿದ್ದಲ್ಲ, ಬಿಟ್ಟು ಮನೆಯಲ್ಲಿರಿ ಎಂದರಂತೆ. ಅವಳು ನಮ್ಮ ಹತ್ತಿರ ಹೇಳಲಿಲ್ಲ. ನಿಮ್ಮಮ್ಮನ ಮುಂದೆ ರೊಟ್ಟಿ ತಟ್ಟುತ್ತಾ ಅತ್ತಳಂತೆ.

ನಾನು ಕರೆದು, ನಮ್ಮನ್ನು ಕಂಡು ಇಳಿಯಬೇಡವ್ವ ಎಂದೆ. ತಲೆ ತಗ್ಗಿಸಿ, “ಮಾವ, ನಿಮ್ ಮುಂದೆ ಇಳೀದಂಗೆ ಓದ್ರೆ ನನ್ ತವರಿನೋರ್ನ ಆಡ್ಕೋತಾರೆ” ಎಂದಳು. ಅದೂ ಸರಿಯೇ. ನಾನೊಬ್ಬ ಬೇಡ ಅಂದರೆ ಚೆನ್ನಯ್ಯನಿಗೆ ಮುನಿಸು. ಅವನಂತೂ ಕಳೆದ ಯುಗಾದಿಯಲ್ಲಿ ಹೋಳಿಗೆ ತಡವಾಗಿ ಬಡಿಸಿದವರ ಜೊತೆ ಇನ್ನೂ ಮಾತಾಡದೆ ಇರುವ ಮನುಷ್ಯ. ಏರಿ ಬಿಟ್ಟು ಬೇರೆ ಕಡೆ ಕೂರೋಣ ಎಂದರೆ ಹೊಲಕ್ಕೆ ನುಗ್ಗುವ ದನ ನೋಡುವವರು ಯಾರು? ಹೀಗೇ ಯೋಚಿಸುತ್ತಾ ಕೂತಿದ್ದಾಗ ಲಕ್ಕಯ್ಯ ಬೀಡಿ ಎಸೆದು ಅಂದ, “ಅವ್ಳು ಇಳೀಬೇಕಾದ್ದು ನಾವ್ ನೋಡುದ್ರೆ ತಾನೇ? ನಾವ್ ನೋಡ್ಲೇ ಇಲ್ಲ ಅಂದ್ರೆ ಯಾಕ್ಲಾ ಇಳೀತಾಳೆ?” ಮಾರನೆಯ ದಿನದಿಂದ, ನಿಮ್ಮಮ್ಮ ಹೇಳಿಕೊಟ್ಟ ಹಾಗೆ, ಅವಳು ಏರಿ ಹತ್ತುವ ಮೊದಲೇ ಬೆಲ್ ಹೊಡೆಯುವಳು. ಲಕ್ಕಯ್ಯ ಕಂಬಳಿ ಸರಿಪಡಿಸಿಕೊಂಡು ಕೆರೆಯ ಕಡೆ ತಿರುಗುವನು. ಅವನನ್ನು ನೋಡಿ ಶಿವಯ್ಯ, ಶಿವಯ್ಯನನ್ನು ನೋಡಿ ನಾನು. ಬೆನ್ನ ಹಿಂದೆ ಸೈಕಲ್ ಸರ್ರನೆ ಹೋಗುವುದು. ನೀರಲ್ಲಿ ಏನೋ ಭಾರಿ ಮೀನು ಎದ್ದ ಹಾಗೆ ನಾವು ನೋಡುತ್ತಾ ಕೂತಿರುವುದು. ಚೆನ್ನಯ್ಯ ಮೂರು ದಿನ ಬಿಗಿದುಕೊಂಡು ರಸ್ತೆಗೇ ಮುಖ ಕೊಟ್ಟು ಕೂತಿದ್ದ, ಅವನೊಬ್ಬನಿಗಾಗಿ ಅವಳು ಇಳಿದಳು. ನಾಲ್ಕನೆಯ ದಿನ ನೋಡಿದರೆ, ಎಲ್ಲರಿಗಿಂತ ಮೊದಲೇ ಕೆರೆಯ ಕಡೆ ತಿರುಗಿ ಕೂತಿದ್ದಾನೆ! ಕೇಳಿದರೆ, “ನನ್ ಮೊಮ್ಮಗಳ್ಗೆ ಅವ್ಳೇ ಅಲ್ವಾ ಅಕ್ಸರ ಏಳ್ಕೊಡ್ತಾ ಇರೋದು” ಎಂದ. ಅಂದಿನಿಂದ ಒಂದು ದಿನವೂ ತಡವಾಗಿಲ್ಲ. ಇನ್‌ಸ್ಪೆಕ್ಟರು ಬಂದ ದಿನ ಬಾಗಿಲು ತೆಗೆದು ಮಕ್ಕಳನ್ನು ಸಾಲಾಗಿ ನಿಲ್ಲಿಸಿದವಳು ಅವಳು. ಹೆಡ್ ಮೇಷ್ಟ್ರೇ ಆವತ್ತು ತಡವಂತೆ.

ಈಗ ಭಾವನ ವಿಷಯ. ನಿನ್ನ ಮಾತು ನಂಬಿಕೊಂಡು ಮೊನ್ನೆ ಭಾನುವಾರ ಅಳಿಯ ತಿಮ್ಮಪ್ಪನವರು ಬಂದರು. ನಿಮ್ಮಕ್ಕ ಅನಸೂಯ, ಮಕ್ಕಳು ಚೆನ್ನಾಗಿದ್ದಾರೆ. ಊಟವಾದ ಮೇಲೆ ನನ್ನನ್ನು ಜಗಲಿಗೆ ಕರೆದು, ಸೈಕಲ್ಲನ್ನು ಅರಕಲಗೂಡಿನ ತನಕ ತುಳಿದುಕೊಂಡು ಹೋಗಿ, ಹೊಳೆನರಸೀಪುರದ ಕೊನೆಯ ಬಸ್ಸಿನ ತಲೆ ಮೇಲೆ ಹಾಕಿಕೊಂಡು ಹೋಗುತ್ತೇನೆ ಮಾವ ಎಂದರು. ಅಳಿಯನಿಗೆ ಇಲ್ಲ ಅನ್ನುವ ನಾಲಿಗೆ ನನಗೆಲ್ಲಿದೆ? ಹೂಂ ಅಂದೆ. ಶಾಂತಕುಮಾರಿ ಸೈಕಲ್ಲಿನ ಧೂಳು ಒರೆಸಿ, ಗಾಳಿ ಹೊಡೆದು ಕೊಟ್ಟಳು. ತಡೆಯಲಾರದೆ ನಾನೂ ಏರಿಯ ಮೇಲೆ ಅಳಿಯನ ಹಿಂದೆಯೇ ನಡೆದೆ, ಅರಕಲಗೂಡಿನ ದಾರಿಯೂ ಅದೇ. ಕುಯ್ಲಿನ ಕಾಲ, ದನ ನುಗ್ಗದ ಹಾಗೆ ಕಾಯಲು ಮಧ್ಯಾಹ್ನವೂ ಎಲ್ಲರೂ ಅಲ್ಲೇ; ತೂಬಿನ ಹತ್ತಿರ ಲಕ್ಕಯ್ಯ ಕೂತಿದ್ದ. ಆ ಸೈಕಲ್ಲು ಅವನಿಗೆ ಗೊತ್ತಾಗದೇ? ಈ ಸಲ ಕೆರೆಯ ಕಡೆ ತಿರುಗಲಿಲ್ಲ. ಎದ್ದು ರಸ್ತೆಗೇ ಬಂದು ನಿಂತು, “ಏನ್ ಅಳಿಯಂದಿರು, ಯಾವಾಗ್ ಬಂದ್ರಿ? ನಮ್ ಅನಸೂಯವ್ವ ಎಂಗವ್ಳೆ?” ಎಂದ. ಊರಿನ ಅಳಿಯ, ಇಳಿಯದೆ ಹೇಗಿರುತ್ತಾರೆ? ಇಳಿದರು. ಎಮ್ಮೆ ಕರು ಹಾಕಿದ್ದರಿಂದ ಹಿಡಿದು ಬಾವಿ ತೋಡಿದ್ದರ ತನಕ ಲಕ್ಕಯ್ಯ ವಿಚಾರಿಸಿದ. ಹತ್ತಿ ನಾಲ್ಕು ಸುತ್ತು ತುಳಿಯುವಷ್ಟರಲ್ಲಿ ಶಿವಯ್ಯ ಎದ್ದು ಎಲೆ ಅಡಿಕೆ ಮುಂದೆ ಹಿಡಿದ. ಆಮೇಲೆ ಚೆನ್ನಯ್ಯ. ಯಾರೊಂದಿಗೂ ಮಾತು ಬೇಡದ ಚೆನ್ನಯ್ಯ, ತನ್ನ ಮದುವೆಯ ಕಥೆಯನ್ನು ಲಗ್ನಪತ್ರಿಕೆಯಿಂದ ಹೇಳಲು ಶುರುಮಾಡಿದ! ಅಳಿಯಂದಿರು ಬಿಸಿಲು ನೋಡುವರು, ಕೈಗಡಿಯಾರ ನೋಡುವರು, “ಬಸ್ಸು...” ಅನ್ನುವರು. “ಬಸ್ಸು ನಾಳೀಕೂ ಬತ್ತದೆ, ನೀವ್ ದಿನಾ ಬಂದೀರಾ?” ಎಂದು ಚೆನ್ನಯ್ಯ ಕೈ ಬಿಡಲೇ ಇಲ್ಲ. ಒಬ್ಬನೂ ಸೈಕಲ್ಲಿನ ಸುದ್ದಿ ಎತ್ತಲಿಲ್ಲ. ಮರ್ಯಾದೆ ಬಿಟ್ಟು ಒಂದು ಮಾತೂ ಆಡಲಿಲ್ಲ. ನಾನು ಮಾತ್ರ ಆಗ ಕೆರೆಯ ಕಡೆ ತಿರುಗಿ ನಿಂತಿದ್ದೆ, ನಗು ತಡೆಯಲಾಗಲಿಲ್ಲ.

ಬಸ್ಸು ತಪ್ಪಿತು. ಅಳಿಯಂದಿರು ಸೈಕಲ್ ತಳ್ಳಿಕೊಂಡು ಮನೆಗೆ ಬಂದು, ಕೋಳಿ ಸಾರು ಮುದ್ದೆ ಉಂಡು ಮಲಗಿದರು. ಸೋಮವಾರ ಅವರು ಏಳುವ ಹೊತ್ತಿಗೆ ಶಾಂತಕುಮಾರಿ ಸೈಕಲ್ ಏರಿ ಸ್ಕೂಲಿಗೆ ಹೋಗಿಯಾಗಿತ್ತು. ನಿಮ್ಮಮ್ಮನೇ ಅವಳನ್ನು ಬೇಗ ಹೊರಡಿಸಿದ್ದು. ಅಳಿಯಂದಿರು ಒಳ್ಳೆಯವರು, ಸಿಟ್ಟು ಮಾಡಿಕೊಳ್ಳಲಿಲ್ಲ. “ಮಾವ, ನಿಮ್ಮೂರಲ್ಲಿ ಸೈಕಲ್ ತಕ್ಕೊಂಡ್ ಓಗೋದು ನನ್ ಕೈಲಾಗಾಕಿಲ್ಲ ಬುಡಿ” ಎಂದು ನಕ್ಕು, ನಮ್ಮ ಗಾಡಿಯಲ್ಲಿ ಅರಕಲಗೂಡಿಗೆ ಹೋದರು. ನಿನಗೆ ಸಿಪಾಯಿಗಳ ನಡುವೆ ನಾಚಿಕೆಯಾಯಿತು ಎಂದು ಬರೆದಿದ್ದೀಯ. ಅವರೆಲ್ಲರನ್ನೂ ಕೂರಿಸಿ ಈ ಕಾಗದ ಓದಿ ಹೇಳು. ಯಾರ ಊರಿನಲ್ಲಿ ಇಂಥ ಸೊಸೆ ಇದ್ದಾಳೆ ಕೇಳು.

ದೇವರು ನಿನ್ನ ಮೈಗೆ ಶಕ್ತಿ ಕೊಡಲಿ, ತಲೆಗೂ ಸ್ವಲ್ಪ ಕೊಡಲಿ. ನಿನ್ನ ಜೊತೆಗಾರರಿಗೆಲ್ಲ ನಮ್ಮ ಹರಕೆ ತಿಳಿಸು.

ಇಂತಿ ನಿನ್ನ ಅಪ್ಪ,
ಬೋರೇಗೌಡ

ಮರೆತಿದ್ದೆ. ಟಪಾಲಿನವನು ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಭಾವನಿಗೆ ನೀನೇ ಹೇಳಿಕಳಿಸಿದ್ದು ಎಂದು ಅವಳಿಗೆ ಗೊತ್ತಿಲ್ಲ. ಸೋಮವಾರ ಸಾಯಂಕಾಲ ಕಾಲಿಗೆ ನೀರು ಕೊಡುತ್ತಾ, ಸೈಕಲ್ ಕೊಂಡುಹೋಗುವ ಯೋಚನೆ ಯಾರದು ಮಾವ ಎಂದಳು. ಏನು ಹೇಳಲಿ ಎಂದು ನಾನು ಬಾಯಿ ತೆರೆಯುವ ಮೊದಲೇ ಅವಳೇ, “ಇವ್ರಿಗೆ ಗೊತ್ತಾಗಿದ್ರೆ ಖಂಡಿತ ಬ್ಯಾಡ ಅಂತಿದ್ರು” ಎಂದು ನಕ್ಕು ಒಳಗೆ ಹೋದಳು. ಅವಳ ಆ ಮಾತನ್ನು ನಿಜ ಮಾಡಿ ಒಂದು ಕಾಗದ ಬರಿ. ನನಗಲ್ಲ, ಅವಳ ಹೆಸರಿಗೆ ಬರಿ.