ಕೋವಿಯ ಕುದುರೆ ಎಳೆದದ್ದು ಬೆರಳಲ್ಲ, ತಂತಿ

ವಿಧಿವಿಜ್ಞಾನ ಪ್ರಯೋಗಾಲಯದ ನಿರ್ದೇಶಕರೇ,

ನನ್ನ ಗಂಡ ಕೃಷ್ಣಪ್ಪನವರನ್ನು ಕೊಂದದ್ದು ಅವರ ಚಿಕ್ಕಪ್ಪನ ಮಗ ಬಸವರಾಜು ಎಂದು ಪೊಲೀಸರು ಹೇಳುತ್ತಾರೆ. ಅಲ್ಲ ಎಂದು ನಾನು ಹೇಳುತ್ತೇನೆ. ಹೌದೋ ಅಲ್ಲವೋ ಎಂದು ಹೇಳಬೇಕಾದ ನೀವು ಕೈತೊಳೆದುಕೊಂಡಿದ್ದೀರಿ. ಅವನು ಜೈಲಿನಲ್ಲಿದ್ದಾನೆ.

ಹೆಗ್ಗದ್ದೆಯ ಕಡೆ ಹಂದಿ ಕಾಟಕ್ಕೆ ನಾಡಕೋವಿ ಕಟ್ಟುವುದುಂಟು. ಕಾನೂನಿಗೆ ವಿರುದ್ಧ, ಒಪ್ಪಿದೆ. ಹಂದಿ ಓಡಾಡುವ ಜಾಡಿನಲ್ಲಿ ಕೋವಿಯನ್ನು ಮೊಣಕಾಲೆತ್ತರದಲ್ಲಿ ಗಿಡಕ್ಕೆ ಬಿಗಿದು, ಅದರ ಕುದುರೆಯಿಂದ ದಾರಿಗೆ ಅಡ್ಡಲಾಗಿ ತಂತಿ ಎಳೆಯುತ್ತಾರೆ. ಬೆಳಿಗ್ಗೆ ಕಾಫಿ ಹಣ್ಣು ಕುಯ್ಯುವ ಹೆಂಗಸರು ಬರುವ ಮುಂಚೆ ಬಿಚ್ಚುತ್ತಾರೆ. ಅಂದು ಬಿಚ್ಚಲು ಅಣ್ಣತಮ್ಮ ಇಬ್ಬರೂ ಹೋದರು. ಮಂಜಿನಲ್ಲಿ ಮುಂದೆ ನಡೆಯುತ್ತಿದ್ದ ನನ್ನ ಗಂಡ ತಾವೇ ಕಟ್ಟಿದ ತಂತಿಗೆ ಎಡವಿದರು.

ಬಸವರಾಜು ಮಾಡಿದ ತಪ್ಪೇನು? ಅಣ್ಣ ಬಿದ್ದೊಡನೆ, ದಿನದ ಅಭ್ಯಾಸದಂತೆ ಅವನ ಕೈ ಮೊದಲು ತಂತಿ ಕಿತ್ತು ಕೋವಿ ಬಿಚ್ಚಿತು. ಗುಂಡು ಹಾರಿಹೋದ ಕೋವಿಯನ್ನು ಬಿಚ್ಚುವುದೇಕೆ ಎಂದು ನೀವು ಕೇಳಬಹುದು. ಗಾಬರಿಯಲ್ಲಿ ಕೈಗೆ ಬುದ್ಧಿ ಇರುತ್ತದೆಯೇ? ಪೊಲೀಸರು ಬಂದಾಗ ಜಾಡಿನಲ್ಲಿ ತಂತಿ ಇರಲಿಲ್ಲ, ಕೋವಿ ಅವನ ಬಳಿ ಇತ್ತು, ಅವರಿಬ್ಬರ ಬೇಲಿಯ ಹಳೆಯ ಜಗಳ ಊರಿಗೆಲ್ಲ ಗೊತ್ತಿತ್ತು. ಅವರಿಗೆ ಇನ್ನೇನು ಬೇಕು?

ಆಸ್ಪತ್ರೆಗೆ ಒಯ್ಯುವ ಜೀಪು ಆನೇಮಹಲ್ ದಾಟುವಾಗ ನನ್ನ ಮಡಿಲಲ್ಲಿ ತಲೆಯಿಟ್ಟುಕೊಂಡೇ ಅವರು ಹೇಳಿದರು, "ಅವ್ನದೇನಿಲ್ಲ ಕಣೇ. ನಾನೇ ಕಟ್ಟಿದ್ದು, ನಾನೇ ಎಡವ್ಬುಟ್ಟೆ." ಡಾಕ್ಟರ ಮುಂದೆ ಹೇಳದ್ದರಿಂದ ಅದು ಹೇಳಿಕೆಯೇ ಅಲ್ಲವಂತೆ. ಸಾಯುವವರು ಆಸ್ಪತ್ರೆ ತಲುಪುವವರೆಗೆ ಬಾಯಿ ಮುಚ್ಚಿಕೊಂಡಿರಬೇಕೆಂದು ಇನ್ನಾದರೂ ಡಂಗುರ ಸಾರಿಸಿ. ಇನ್‌ಸ್ಪೆಕ್ಟರಂತೂ ಮೈದುನನ ಮನೆಯವರು ನನ್ನ ತಲೆ ಕೆಡಿಸಿದ್ದಾರೆ ಎಂದೇ ನಂಬಿದ್ದಾರೆ.

ವರ್ಷಗಟ್ಟಲೆ ಕಾಯಿಸಿ ನೀವು ಕಳಿಸಿದ ವರದಿ ಏನು ಹೇಳುತ್ತದೆ? ಕೋವಿ ಗುಂಡು ಹಾರಿಸಲು ಯೋಗ್ಯವಾಗಿದೆ. ದೇಹದಲ್ಲಿ ಸಿಕ್ಕ ಸೀಸದ ಚರೆಗಳು ಇದರಿಂದಲೇ ಹಾರಿದವೆಂದು ಖಚಿತವಾಗಿ ಹೇಳಲಾಗದು. ಯೋಗ್ಯವೆಂದು ನನಗೆ ಗೊತ್ತಿತ್ತು ಸ್ವಾಮಿ, ವಿಧವೆಯಾಗಿದ್ದೇನೆ. ಇದೇ ಕೋವಿ ಎಂದು ಎಲ್ಲರೂ ಒಪ್ಪಿದ್ದೇವೆ. ಅದರ ಕುದುರೆಯ ಮೇಲೆ ತಂತಿ ಉಜ್ಜಿದ ಗುರುತನ್ನು ಯಾರಾದರೂ ನೋಡಿದರೇ? ಚರೆಗಳು ತೊಡೆಯಿಂದ ಮೇಲಕ್ಕೆ ಹೊಕ್ಕಿವೆ. ನಿಂತ ಮನುಷ್ಯ ಹಾಗೆ ಹೊಡೆಯಬಲ್ಲನೇ? ಪೊಲೀಸರು ಆ ಪ್ರಶ್ನೆ ಕಳಿಸಿಯೇ ಇಲ್ಲ ಎಂದರು ನಿಮ್ಮ ಕಚೇರಿಯವರು.

ಆ ಪ್ರಶ್ನೆಯನ್ನು ನಾನು ಕೇಳುತ್ತಿದ್ದೇನೆ. ತೀರ್ಪಿಗೆ ಮುಂಚೆ ಯಾರನ್ನಾದರೂ ಕಳಿಸಿ ಆ ಜಾಡು ನೋಡಿಸಿ, ಕೋವಿಯನ್ನು ಮತ್ತೆ ಪರೀಕ್ಷಿಸಿ. ಇನ್ನು ಯಾರ ಕಾಲು ಹಿಡಿಯಬೇಕೋ ನನಗೆ ತಿಳಿಯದು. ನನ್ನ ಗಂಡನ ಸಾವಿಗೆ ನ್ಯಾಯ ಕೊಡಿಸಿಯೇ ತೀರುತ್ತೇವೆಂದು ಸರ್ಕಾರಿ ವಕೀಲರು ನನಗೆ ಧೈರ್ಯ ಹೇಳುತ್ತಿದ್ದಾರೆ. ಅದನ್ನು ತಡೆಯುವುದು ಹೇಗೆಂದು ಗೊತ್ತಾಗುತ್ತಿಲ್ಲ.

ಇಂತಿ,
ಆರೋಪಿಗಾಗಿ ಅಳುತ್ತಿರುವ ಮೃತನ ಹೆಂಡತಿ,
ಸುಮಿತ್ರಮ್ಮ
ಹೆಗ್ಗದ್ದೆ, ಸಕಲೇಶಪುರ ತಾಲ್ಲೂಕು, ೧೯೯೮